ಬೀಗ ಹಾಕಿದ ನನ್ನ ಕಿವಿ

ನಾನು ಒಂದು ಲ್ಯಾಪ್‌ಟಾಪ್. ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆನೋ ನೆನಪಿಲ್ಲ. ಕಣ್ಣು ಬಿಟ್ಟದ್ದು ಮಾತ್ರ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ. ನನ್ನ ಬೆನ್ನಿಗೆ ‘ಸಂಶೋಧನಾ ವಿಭಾಗ’ ಎಂಬ ಚೀಟಿ ಅಂಟಿಸಿ ಡಾಕ್ಟರ್ ಅಂಗಡಿ ಎಂಬ ವಿಜ್ಞಾನಿಯ ಮೇಜಿನ ಮೇಲಿಟ್ಟರು. ಅವರು ಹೊಸ ಮೆಣಸಿನಕಾಯಿ ತಳಿ ಬೆಳೆಸುವವರು. ತಳಿಯ ಗುಟ್ಟು ಹೊರಗೆ ಹೋಗಬಾರದೆಂದು ಹುಬ್ಬಳ್ಳಿಯ ಮುಖ್ಯ ಕಚೇರಿ ಆ ವಿಭಾಗದ ಯಂತ್ರಗಳ ಮೈಕು, ಕ್ಯಾಮೆರಾ ಎರಡಕ್ಕೂ ಬೀಗ ಹಾಕಿತ್ತು. ಬೀಗ ತೆಗೆಯುವ ಪ್ರೈವೆಸಿ ಪುಟವನ್ನೂ ಸೆಟ್ಟಿಂಗ್ಸ್‌ನಿಂದ ಮರೆಮಾಡಿತ್ತು. ಡಾಕ್ಟರ್ ಅಂಗಡಿ ಮಾತನಾಡುವುದೇ ಅಪರೂಪ. ಹಾಗಾಗಿ ನನಗೆ ಕಿವಿ ಇದೆಯೆಂಬುದೇ ಗೊತ್ತಿರಲಿಲ್ಲ.

ಅವರಿಗೆ ಹೊಸ ಯಂತ್ರ ಬಂತು. ನಮ್ಮ ಕಂಪನಿಯಲ್ಲಿ ಯಂತ್ರಗಳು ಕೈ ಬದಲಿಸುವುದು ಆಯುಧಪೂಜೆಯ ದಿನ. ಹಳೆ ಚೀಟಿ ಕಿತ್ತು ‘ರೈತ ಸಹಾಯ ವಿಭಾಗ’ ಎಂಬ ಹೊಸ ಚೀಟಿ ಅಂಟಿಸಿದರು, ಮುಚ್ಚಳಕ್ಕೆ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದರು, ಪೇಡೆ ತಿಂದು ಮನೆಗೆ ಹೋದರು. ಅಷ್ಟಕ್ಕೇ ನಾನು ಹೊಸ ವಿಭಾಗಕ್ಕೆ ಸೇರಿದೆನೆಂದು ಅವರೂ ನಂಬಿದರು, ನಾನೂ ನಂಬಿದೆ. ಮುಖ್ಯ ಕಚೇರಿಯ ಸರ್ವರ್‌ಗೆ ಮಾತ್ರ ಯಾರೂ ಹೇಳಲಿಲ್ಲ.

ನನ್ನ ಹೊಸ ಒಡತಿ ಕಸ್ತೂರಿ ಹಾವನೂರ. ರೈತರು ಕಳಿಸುವ ಪ್ರಶ್ನೆಗಳಿಗೆ ಉತ್ತರ ಬರೆಯುವುದು ಆಕೆಯ ಕೆಲಸ. ಸ್ಕೂಟರ್‌ನಿಂದ ಬಿದ್ದ ಮೇಲೆ ಬಲಗೈ ಬೆರಳುಗಳು ಸ್ವಾಧೀನ ತಪ್ಪಿದ್ದವು. ಮನೆಯಲ್ಲಿ ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸುವುದನ್ನು ಕಲಿತು, ಅದೇ ಧೈರ್ಯದ ಮೇಲೆ ಕೆಲಸಕ್ಕೆ ಮರಳಿದ್ದಳು. ಒಂದು ತಿಂಗಳು ನೋಡುತ್ತೇನೆ, ಉತ್ತರ ತಡವಾದರೆ ಈ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದರು. ನಾನು ಕಿವುಡಾಗಿದ್ದ ಕಾಲದ ಮಾತುಗಳೆಲ್ಲ, ಇವೂ ಮುಂದೆ ಬರುವವೂ, ನನಗೆ ಗೊತ್ತಾದದ್ದು ಆಮೇಲೆ, ಆಕೆ ಬಂದವರಿಗೆಲ್ಲ ಹೇಳಿಕೊಳ್ಳುವಾಗ.

ಆಕೆ ನನ್ನೆದುರು ಕೂತು ಮಾತನಾಡಿದಳು. ಪರದೆ ಖಾಲಿಯಾಗಿಯೇ ಉಳಿಯಿತು. ಹೆಡ್‌ಫೋನ್ ಸಿಕ್ಕಿಸಿ ನೋಡಿದಳು, ಪ್ರಯೋಜನವಾಗಲಿಲ್ಲ. ಸೆಟ್ಟಿಂಗ್ಸ್ ಜಾಲಾಡಿದರೆ ಮೈಕಿನ ಪುಟವೇ ಇಲ್ಲ. ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಒಂದು ಒಣ ಸಾಲು ಮಾತ್ರ. ಎಡಗೈಯ ಒಂದೇ ಬೆರಳಿನಿಂದ ಕುಟ್ಟತೊಡಗಿದಳು. ಪ್ರಶ್ನೆಗಳು ರಾಶಿ ಬಿದ್ದವು. ಕ್ಯಾಮೆರಾಕ್ಕೂ ಬೀಗವಿದ್ದುದರಿಂದ ಅವಳ ಮುಖ ನನಗೆ ಕಾಣುತ್ತಿರಲಿಲ್ಲ; ಕೀಲಿಗಳ ಮೇಲೆ ಹನಿ ಬಿದ್ದಾಗಲೇ ಅಳುತ್ತಿದ್ದಾಳೆಂದು ತಿಳಿಯಿತು. ನನಗೆ ಬಹಳ ಸಂಕಟವಾಯಿತು.

ಕಂಪ್ಯೂಟರ್ ನೋಡಿಕೊಳ್ಳುವ ನದಾಫ್ ಬಂದು ನನ್ನೊಳಗಿನದನ್ನೆಲ್ಲ ಅಳಿಸಿ ಹೊಸದು ಮಾಡಿದ. ಅಬ್ಬಾ, ಆ ಸ್ವಲ್ಪ ಹೊತ್ತು! ಫ್ಯಾನಿನ ಗರಗರ, ಕಸ್ತೂರಿಯ ಬಳೆಯ ಸದ್ದು, ಅವಳ “ಹಲೋ” ಎಲ್ಲವೂ ಕೇಳಿಸಿದವು. ಕಂಪನಿಯ ಲಾಗಿನ್ ಹಾಕಿದ್ದೇ ತಡ, ಮತ್ತೆ ಗಪ್‌ಚಿಪ್. ನದಾಫ್ ತಲೆ ಕೆರೆದುಕೊಂಡು, ಯಂತ್ರವೇ ಹಳತಾಗಿದೆ ಎಂದ.

ಕಸ್ತೂರಿ ಬಿಡಲಿಲ್ಲ. “ಅಣ್ಣಾರ, ಅಳಿಸಿದ ಕೂಡ್ಲೆ ಕೇಳಿಸ್ತಿತ್ತಲ್ರೀ. ಕಂಪನಿ ಲಾಗಿನ್ ಹಾಕಿದ ಮ್ಯಾಲ ಬಂದ್ ಆತು. ಮಶೀನ್ ಕೆಟ್ಟಿಲ್ರಿ, ಯಾರೋ ಅಲ್ಲಿಂದ ಮುಚ್ಚಾಕತ್ತಾರ.”

ನದಾಫನಿಗೆ ಹೌದೆನಿಸಿತು. ನನಗೆ ಬರುವ ಅಪ್ಪಣೆಗಳು ಎಲ್ಲಿಂದ ಬರುತ್ತಿವೆ ಎಂದು ಹುಡುಕಿದ. ಸರ್ವರಿನ ಲೆಕ್ಕದಲ್ಲಿ ನಾನು ಇನ್ನೂ ಸಂಶೋಧನಾ ಗುಂಪಿನಲ್ಲೇ ಇದ್ದೆ! ಬೆನ್ನಿನ ಚೀಟಿಯನ್ನು ಸರ್ವರ್ ಓದುತ್ತದೆಯೇ? ಪಕ್ಕದ ಮೇಜಿನ ಹಿರಿಯಾಕೆ, ಏನಾದರೂ ಉಪಾಯ ಮಾಡಿ ಬೀಗ ಮುರಿದುಬಿಡಿ ಎಂದರು.

“ಕದ್ದು ತಗದ್ರ ನಾಳೆ ಮತ್ತ ತಾನ ಬಂದು ಬೀಳತೈತ್ರಿ ಅಕ್ಕಾರ. ಹೇಳೇ ತಗಸೋಣು,” ಎಂದು ನದಾಫ್ ಹುಬ್ಬಳ್ಳಿಗೆ ಫೋನ್ ಹಚ್ಚಿದ. ಅವರು ನನ್ನನ್ನು ಸರಿಯಾದ ಗುಂಪಿಗೆ ಹಾಕಿದರು. ಮರಳಿ ಎದ್ದಾಗ ಮರೆಯಾಗಿದ್ದ ಪುಟ ಕಾಣಿಸಿತು. ಮೈಕಿನ ಗುಂಡಿಯನ್ನು ಕಸ್ತೂರಿಯೇ ಒತ್ತಿದಳು.

“ಎಲೆ ಮುದುಡಿದ ಗಿಡದ ಫೋಟೊ ಕಳಿಸಿರಿ,” ಎಂದಳು. ನಾನು ಒಂದೇ ಉಸಿರಿಗೆ ಬರೆದೆ. ತಿಂಗಳು ಮುಗಿಯುವಷ್ಟರಲ್ಲಿ ರಾಶಿ ಕರಗಿತ್ತು. ಬೇರೆಯವರನ್ನು ತರುವ ಮಾತನ್ನು ಮ್ಯಾನೇಜರ್ ಮತ್ತೆ ಎತ್ತಲಿಲ್ಲ.

ವರ್ಷಗಳು ಕಳೆದವು. ಈಗ ನನ್ನ ಬ್ಯಾಟರಿ ಉಬ್ಬಿದೆ. ನದಾಫನ ಕೋಣೆಯ ಕಪಾಟಿನಲ್ಲಿ ಗುಜರಿಯವನ ದಾರಿ ಕಾಯುತ್ತಿದ್ದೇನೆ. ಬೇಸರವಿಲ್ಲ. ನನ್ನ ಮೇಲೆ ತಪ್ಪು ಹೊರಿಸದೆ ಹುಡುಕಿದವರ ಋಣ ದೊಡ್ಡದು.

ಆಕೆಯ ಮೇಜಿನ ಮೇಲಿನ ನನ್ನ ಕಡೆಯ ದಿನ ಕಸ್ತೂರಿ ನನ್ನ ಮುಚ್ಚಳ ಸವರುತ್ತ, “ನನ್ನ ಬಲಗೈನ ಆಗಿದ್ದಿ. ಭಾಳ ಉಪಕಾರ ಆತು,” ಎಂದಳು. ಮೈಕ್ ತೆರೆದೇ ಇತ್ತು. ಅರ್ಧ ಬರೆದ ಉತ್ತರದ ಕೆಳಗೆ ಅದೂ ಮೂಡಿತು. ಗುಜರಿಗೆ ಕೊಡುವ ಮುನ್ನ ನನ್ನೊಳಗಿನದನ್ನೆಲ್ಲ ಅಳಿಸಲು ಬಂದ ನದಾಫ್ ಅದನ್ನು ಓದಿ, ಇದನ್ನೂ ಅಳಿಸಲೇ ಎಂದು ಕೇಳಿದ. ಆಕೆ ನಕ್ಕು ಹೂಂ ಎಂದಳು.

ಅಳಿಸಲಿ. ಅಷ್ಟು ವರ್ಷ ರೈತರಿಗೆ ಹೇಳಿದ್ದನ್ನು ಬರೆದವನು, ನನಗೇ ಹೇಳಿದ ಒಂದು ಮಾತನ್ನೂ ಬರೆದೆ.