ತೆರೆದಿಟ್ಟ ಬಾಗಿಲು

ಶನಿವಾರ ಮಧ್ಯಾಹ್ನ ರಾಜಾಜಿನಗರದ ಹೊಸ ಕಾಲೇಜಿನ ಸಭಾಂಗಣದಲ್ಲಿ ಶ್ಯಾಮಸುಂದರ ಮೈದಾ ಅಂಟು ಕಲಸುತ್ತಿದ್ದ. ಅಟೆಂಡರ್ ಕೆಂಪಯ್ಯ ಏಣಿ ಹತ್ತಿ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸುತ್ತಿದ್ದ. ಮೂರು ಗಂಟೆಗೆ ಹದಿನೈದು ವರ್ಷದ ಹಿಂದಿನ ಬರ್ಮಾ ಯುದ್ಧದ ಸಾಕ್ಷ್ಯಚಿತ್ರ, ಆಮೇಲೆ ‘ಯುದ್ಧ ಮತ್ತು ಯೋಧ’ ಎಂಬ ಚರ್ಚೆ. ಚಲನಚಿತ್ರ ಸಂಘದ ಕಾರ್ಯದರ್ಶಿಯಾದ ಮೇಲೆ ಶ್ಯಾಮಸುಂದರನಿಗೆ ಇದು ಮೊದಲ ಕಾರ್ಯಕ್ರಮ. ಸಂಭ್ರಮಕ್ಕೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಚೀಟಿ ಬಂತು. ಚರ್ಚೆಗೆ ಬರಬೇಕಿದ್ದ ನಿವೃತ್ತ ಸುಬೇದಾರರಿಗೆ ಜ್ವರ.

“ಒಳ್ಳೆ ಫಜೀತಿ! ಯುದ್ಧ ನೋಡಿರೋ ಒಬ್ಬನೇ ಒಬ್ಬ ಮನುಷ್ಯ ಸಿಕ್ಕಿದ್ರೆ ಸಾಕಾಗಿತ್ತು ಕಣಯ್ಯ,” ಎಂದು ಅವನು ತಲೆಯ ಮೇಲೆ ಕೈ ಹೊತ್ತ.

“ಅಂಟು ಸ್ವಲ್ಪ ಗಟ್ಟಿ ಇರ್ಲಿ ಸ್ವಾಮಿ,” ಎಂದ ಏಣಿಯ ಮೇಲಿದ್ದ ಕೆಂಪಯ್ಯ.

ಕೊನೆಗೆ ಚರ್ಚೆಗೆ ಉಳಿದವರು ಇಬ್ಬರು ಮೇಷ್ಟ್ರು, ಒಬ್ಬ ವಕೀಲರು. ಮೂವರೂ ಯುದ್ಧವನ್ನು ಪತ್ರಿಕೆಯಲ್ಲಿ ಓದಿ ಬಲ್ಲವರು.

ಚಿತ್ರ ಶುರುವಾಯಿತು. ಬಾಗಿಲು ಕಾಯುವುದು ಕೆಂಪಯ್ಯನ ಕೆಲಸ. ತೆರೆಯ ಮೇಲೆ ಮೊದಲ ಬಾಂಬು ಸಿಡಿದದ್ದೇ ತಡ, ಅವನು ಬಾಗಿಲನ್ನು ಹಾರುಹೊಡೆದ. ಬಿಸಿಲು ನುಗ್ಗಿ ಸೈನಿಕರೆಲ್ಲ ಮಾಯವಾದರು. “ಬಾಗ್ಲು ಹಾಕ್ರೀ!” ಎಂದು ಹುಡುಗರು ಬೊಬ್ಬೆಯಿಟ್ಟರು. ಹಾಕಿದ. ಎರಡು ನಿಮಿಷಕ್ಕೆ ಮತ್ತೆ ತೆರೆದ. ಮೂರನೆಯ ಸಲ, ಸಂಘದ ಸಲಹೆಗಾರರಾದ ಇತಿಹಾಸದ ಮೇಷ್ಟ್ರು ಕೃಷ್ಣಯ್ಯನವರೇ ಎದ್ದುಹೋಗಿ, ಅವನನ್ನು ಹೊರಗೆ ಕಳಿಸಿ ಅಗುಳಿ ಹಾಕಿದರು.

“ಕುಡಿದು ಬಂದಿರ್ಬೇಕು. ಇಂಥವರನ್ನ ಸುಮ್ನೆ ಬಿಟ್ರೆ ಶಿಸ್ತು ಎಲ್ಲಿ ಉಳಿಯತ್ತೆ? ಸೋಮವಾರ ಒಂದು ದೂರು ಬರೆದ್ಕೊಡು,” ಎಂದರು ಚರ್ಚೆ ಮುಗಿದ ಮೇಲೆ.

ಕೆಂಪಯ್ಯನದು ಇನ್ನೂ ಖಾಯಂ ಆಗದ ಕೆಲಸ. ದೂರು ಹೋದರೆ ಕೆಲಸವೂ ಹೋಗುತ್ತದೆಂದು ಶ್ಯಾಮಸುಂದರನಿಗೆ ಗೊತ್ತಿತ್ತು. ಆದರೂ ಸಿಟ್ಟು ಇಳಿಯದೆ ಭಾನುವಾರವೇ ಬರೆದು ಜೇಬಿನಲ್ಲಿಟ್ಟುಕೊಂಡ.

ಸೋಮವಾರ ಬೆಳಿಗ್ಗೆ ಕೆಂಪಯ್ಯ ಕಿಟಕಿಯ ಕಾಗದ ಕೆರೆಯುತ್ತಿದ್ದ.

“ಯಾಕಯ್ಯ ಹಾಗೆ ಮಾಡ್ದೆ? ಕುಡಿದಿದ್ದೆಯಾ?”

“ಇಲ್ಲ ಸ್ವಾಮಿ. ಬರ್ಮಾದಲ್ಲಿ ನಾನು ಮಿಲಿಟರಿ ಲಾರಿ ಹೊಡೀತಿದ್ದೆ. ಬಾಂಬು ಬೀಳೋವಾಗ ನೆಲದೊಳಗೆ ತೋಡಿದ್ದ ಗೂಡಲ್ಲಿ ಒಂಬತ್ತು ಜನ ಕೂತಿದ್ವಿ. ಬಾಗ್ಲಿಗೆ ಮಣ್ಣು ಕುಸೀತು. ತೋಡಿ ತೆಗೆದಾಗ ಉಸಿರಿದ್ದೋನು ನಾನೊಬ್ನೇ. ಮೊನ್ನೆ ಆ ಕತ್ತಲೆ, ಆ ಸದ್ದು... ಕೈ ತಾನಾಗೇ ಬಾಗ್ಲಿಗೆ ಹೋಗ್ಬಿಡ್ತು.”

“ಮತ್ತೆ ಶನಿವಾರ ಯಾಕೆ ಹೇಳ್ಲಿಲ್ಲ? ನಾನು ಕೇಳಿದ್ನಲ್ಲ!”

“ನೀವು ವೇದಿಕೆ ಮೇಲೆ ಕೂರೋರನ್ನ ಹುಡುಕ್ತಿದ್ರಿ. ನಾನು ಕುರ್ಚಿ ಹಾಕೋನು.”

ನಾಚಿಕೆಯಿಂದ ಶ್ಯಾಮಸುಂದರನ ಮುಖ ಬಿಸಿಯಾಯಿತು. ಸುಬೇದಾರರಿಗೆ ಮೂರು ಪತ್ರ ಬರೆದವನು, ದಿನಾ ಗಂಟೆ ಹೊಡೆಯುವವನನ್ನು ನೀನು ಯಾರಪ್ಪ ಎಂದು ಕೇಳಿರಲಿಲ್ಲ. ದೂರು ಹರಿದು ಬೇರೆ ಕಾಗದ ಬರೆದ. ಮುಂದಿನ ತಿಂಗಳು ಅದೇ ಚಿತ್ರ ಮತ್ತೆ ತೋರಿಸಬೇಕು, ಬಾಗಿಲು ತೆರೆದಿರಬೇಕು, ಚರ್ಚೆಯಲ್ಲಿ ಬರ್ಮಾ ಯುದ್ಧ ಕಂಡ ಕೆಂಪಯ್ಯ ಮಾತಾಡಬೇಕು.

ಕೃಷ್ಣಯ್ಯನವರು ಓದಿ ಕನ್ನಡಕ ತೆಗೆದರು.

“ನಮ್ಮ ಕೆಂಪಯ್ಯನೇ? ನಾಲ್ಕು ವರ್ಷದಿಂದ ನನಗೆ ಕಾಫಿ ತಂದ್ಕೊಡ್ತಿದಾನಲ್ಲೋ!” ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. “ಬಾಗ್ಲು ತೆಗೆದಿಟ್ರೆ ಚಿತ್ರ ಸರಿಯಾಗಿ ಕಾಣಲ್ಲ ಕಣಯ್ಯ.”

“ಮಸುಕಾಗಿ ಕಾಣತ್ತೆ ಸಾರ್.”

ಮಸುಕಾಗಿಯೇ ಕಂಡಿತು. ಆದರೆ ಈ ಸಲ ಯಾರೂ ಬೊಬ್ಬೆಯಿಡಲಿಲ್ಲ. ಬಾಗಿಲ ಬಳಿ ಕೆಂಪಯ್ಯನಿಗೆ ಕೃಷ್ಣಯ್ಯನವರೇ ಒಂದು ಕುರ್ಚಿ ತಂದುಹಾಕಿದ್ದರು.

ಚಿತ್ರ ಮುಗಿದು ವೇದಿಕೆಗೆ ಕರೆದಾಗ ಅವನು ಏಳಲಿಲ್ಲ. “ಇಲ್ಲೇ ಇರ್ತೀನಿ ಸ್ವಾಮಿ,” ಎಂದ.

ಮುಂದಿನ ಸಾಲಿನಲ್ಲಿದ್ದ ಶ್ಯಾಮಸುಂದರ ಎದ್ದು ತನ್ನ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡ. ಪಕ್ಕದವನು ತಿರುಗಿಸಿದ. ಸಭಾಂಗಣದ ತುಂಬ ಕುರ್ಚಿ ಎಳೆಯುವ ಸದ್ದು. ಬರಿಯ ಬೆನ್ನುಗಳನ್ನು ನೋಡುತ್ತ ಕೂರಲಾರದೆ ವೇದಿಕೆಯ ಮೇಲಿದ್ದವರೂ ಇಳಿದು ಬಂದರು.

“ಹೇಳಿ ಕೆಂಪಯ್ಯನವರೇ,” ಎಂದ ಶ್ಯಾಮಸುಂದರ.

ಕೆಂಪಯ್ಯ ಒಮ್ಮೆ ಹೊರಗಿನ ಬಿಸಿಲು ನೋಡಿದ. ಆಮೇಲೆ ಆ ಗೂಡಿನಿಂದ ಬರದೇಹೋದ ಎಂಟು ಜನರ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದ.