ಸೊಲ್ಲೆತ್ತಿದವಳು

"ನೀ ಬುಡು ರೇವಕ್ಕ, ನೀರು ನಾವು ಉಯ್ತೀವಿ. ನೀನು ಪದ ಎತ್ತು."

ಮುದ್ದಮ್ಮನ ಹೆಣದ ತಲೆಗೆ ನೀರು ಹುಯ್ಯುತ್ತಿದ್ದ ರೇವಮ್ಮನ ಕೈಯಿಂದ ನಂಜಮ್ಮ ಚೆಂಬು ಕಿತ್ತುಕೊಂಡಳು. ನಂಜಮ್ಮನದೇನೂ ತಪ್ಪಿಲ್ಲ. ಕಟ್ಟಾಯ ಊರಿನಲ್ಲಿ ಹೆಂಗಸು ಸತ್ತರೆ ಒಬ್ಬಳು ಸೊಲ್ಲೆತ್ತಿ ಹಾಡಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ಅದಕ್ಕೆ ರೇವಮ್ಮನನ್ನು ಬಿಟ್ಟರೆ ಇನ್ನಾರು? ದುದ್ದ, ಅರಕಲಗೂಡು, ಚನ್ನರಾಯಪಟ್ಟಣದ ಮದುವೆಗಳಿಗೂ ಗಾಡಿ ಕಟ್ಟಿ ಕರೆದೊಯ್ಯುತ್ತಿದ್ದ ಕಂಠ ಅದು.

ರೇವಮ್ಮ ಮನೆಯ ಕದದತ್ತ ತಿರುಗಿ ನೋಡಿದಳು.

* * *

ಆ ಕಂಠದ ಗುಟ್ಟು ಇಬ್ಬರಿಗೇ ಗೊತ್ತಿತ್ತು. ಐವತ್ತೊಂದನೇ ಇಸವಿಯಲ್ಲಿ ಗಂಡ ಸತ್ತಾಗ ಮುದ್ದಮ್ಮನಿಗೆ ಮೂವತ್ತು ವರ್ಷ. ಅಲ್ಲಿಯತನಕ ಊರಿನ ಸೋಬಾನೆಗೆಲ್ಲ ಅವಳದೇ ಸೊಲ್ಲು. ಕುಂಕುಮ ಅಳಿಸಿದವಳು ಹಸೆಯ ಮುಂದೆ ಹಾಡುವುದುಂಟೆ? ಊರು ಅವಳನ್ನು ಅಡುಗೆಮನೆಗೆ ತಳ್ಳಿತು. ಅವಳು ಬೇಯಿಸಿದ ಅನ್ನ ಮಾತ್ರ ಯಾರಿಗೂ ಅಪಶಕುನವಾಗಲಿಲ್ಲ!

ಅವಳ ಜಾಗಕ್ಕೆ ಬಂದ ರೇವಮ್ಮ ಮೊದಲ ಮದುವೆಯಲ್ಲೇ ಎರಡನೇ ಸಾಲಿಗೆ ತಡವರಿಸಿದಳು. ಬೆನ್ನ ಹಿಂದಿನ ಕದದ ಸಂದಿಯಿಂದ ಮುದ್ದಮ್ಮ ಪಿಸುದನಿಯಲ್ಲಿ ಸಾಲು ಹೇಳಿಕೊಟ್ಟಳು. ತಲೆಯನ್ನು ತುಸು ಹಿಂದಕ್ಕೆ ವಾಲಿಸಿ ಕೇಳಿಸಿಕೊಂಡು, ಅದನ್ನೇ ರೇವಮ್ಮ ಗಟ್ಟಿಯಾಗಿ ಹಾಡಿದಳು. ಹದಿಮೂರು ವರ್ಷ ಹಾಗೇ ನಡೆಯಿತು; ಹೊರಗಿನ ಊರುಗಳಿಗೂ ಮುದ್ದಮ್ಮ ಅಡುಗೆಯವಳಾಗಿ ಜೊತೆಗೆ ಬರುತ್ತಿದ್ದಳು. ಸೀರೆ, ಬಾಗಿನ, ಹೊಗಳಿಕೆ ಎಲ್ಲ ರೇವಮ್ಮನ ಮಡಿಲಿಗೆ.

ಒಮ್ಮೆ ಗಾಡಿಯಲ್ಲಿ ಬರುತ್ತಾ ರೇವಮ್ಮನೇ ಕೇಳಿದ್ದಳು, "ನಿಂಗೆ ಒಟ್ಟೆ ಉರಿಯಾಕಿಲ್ವೇನೆ ಮುದ್ದಿ?"

"ಯಾರ ಬಾಯಲ್ಲಾದ್ರೂ ಓಗ್ಲಿ ಬುಡು. ಪದ ಆಚೆಗೋಯ್ತಲ್ಲ, ಸಾಕು."

ಆಮೇಲಾದರೂ ರೇವಮ್ಮ ಯಾರಿಗಾದರೂ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೊಗಳಿಕೆಯ ರುಚಿ ಅಂಥದು.

* * *

"ನಂಗೊಂದೂ ಬರಾಕಿಲ್ಲ ಕಣ್ರವ್ವಾ," ಎಂದಳು ರೇವಮ್ಮ. "ಎಲ್ಲಾ ಇವ್ಳೇ ಏಳ್ಕೊಡ್ತಿದ್ಲು. ಕದದ ಇಂದೆ ಕುಂತ್ಕಂಡು."

ನಂಜಮ್ಮ ಅವಳನ್ನು ತಬ್ಬಿಕೊಂಡಳು. "ನೋಡ್ರೇ, ಗೆಳತಿ ಸತ್ತ ಸಂಕಟಕ್ಕೆ ತನ್ ಪದಾನೆಲ್ಲ ಅವ್ಳಿಗೇ ಕೊಟ್ಬುಟ್ಳು. ಎಂತಾ ಮನ್ಸು!"

"ನಿಜ ಕಣೇ!" ಎಂದಳು ರೇವಮ್ಮ.

"ಊಂ ಕಣಕ್ಕ, ನಿಜ. ಈಗ ಎತ್ತು."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕದ್ದವಳು ತಾನೇ ಒಪ್ಪಿಕೊಂಡರೂ ಊರು ನಂಬಲಿಲ್ಲ. ರೇವಮ್ಮನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ಚಟ್ಟ ಎದ್ದಿತು. ಅವಳಿಗೆ ತಾನಾಗಿ ಬರುತ್ತಿದ್ದದ್ದು ಒಂದೇ ಸಾಲು, ಅದೂ ಮದುವೆಯ ದಿಬ್ಬಣದ ಹಾಡಿನದು.

"ದೂರದಿಂದ ಬಂದೇವು, ದಾರಿ ಬುಡಿರವ್ವಾ..."

ಸಾವಿನ ಮನೆಯಲ್ಲಿ ಸೋಬಾನೆಯೇ! ಹೆಂಗಸರು ಮುಖ ಮುಖ ನೋಡಿಕೊಂಡರು. ಆದರೂ ಹಾಡಿದವಳು ರೇವಮ್ಮ, ತಿರುಗಿ ಹೇಳಿದರು. ರೇವಮ್ಮ ಮತ್ತೆ ಅದೇ ಸಾಲು ಹಾಡಿದಳು. ಬೀದಿಯುದ್ದಕ್ಕೂ ಅದೊಂದೇ ಸಾಲು.

ಊರ ಬಾಗಿಲಲ್ಲಿ ಹೆಂಗಸರು ನಿಂತರು. ಅಲ್ಲಿಂದಾಚೆ ಗಂಡಸರೇ ಹೋಗಬೇಕು. ಹೆಂಗಸರು ಒಬ್ಬೊಬ್ಬರಾಗಿ ಕಾಲು ತೊಳೆಯಲು ಹೊರಟುಹೋದರು. ಚಟ್ಟ ರಾಗಿ ಹೊಲದ ನಡುವೆ ಸಣ್ಣದಾಗುತ್ತಿತ್ತು. ರೇವಮ್ಮ ಒಬ್ಬಳೇ ನಿಂತು ಹಾಡುತ್ತಿದ್ದಳು. ಸಾಲು ಮುಗಿದಾಗಲೆಲ್ಲ ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಉಸಿರು ಹಿಡಿದು, ಒಂದು ಗಳಿಗೆ ಕಾಯುತ್ತಿದ್ದಳು.