ಐದನೇ ಪ್ರಶ್ನೆಯ ಮಾದರಿ ಉತ್ತರ

ಸೊನ್ನೆ ಸುತ್ತಲು ಹೊರಟ ಕೈಯನ್ನು ನೀಲಗಂಗಾ ಅರ್ಧಕ್ಕೇ ತಡೆದಳು. ಐರೋಲಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೂತು ಮೂರು ದಿನದಿಂದ ಅವಳು ಕಂಪ್ಯೂಟರ್ ಸಿದ್ಧಾಂತದ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ತಿದ್ದುವುದೇನು ಬಂತು! ಐದನೇ ಪ್ರಶ್ನೆಗೆ ಕೊನೆಯ ಸಾಲಿನ ಮೇಲೆ ಕಣ್ಣಾಡಿಸುವುದು. ‘ಹೌದು’ ಎಂದಿದ್ದರೆ ಹತ್ತು, ‘ಇಲ್ಲ’ ಎಂದಿದ್ದರೆ ಸೊನ್ನೆ.

ಪ್ರಶ್ನೆ ಇಷ್ಟೇ: ಮೊದಲು ಒಂದಷ್ಟು ‘ಎ’, ನಡುವೆ ಒಂದು ‘ಬಿ’, ಆಮೇಲೆ ಮೊದಲು ಬಂದಷ್ಟೇ ‘ಎ’ ಮತ್ತೆ ಬರಬೇಕು ಎಂದು ಬ್ಯಾಕ್‌ರೆಫರೆನ್ಸ್ ಎಂಬ, ಹಿಂದೆ ಬಂದದ್ದನ್ನೇ ಮತ್ತೆ ಕೇಳುವ ಗುರುತು ಇಟ್ಟು, ಅಕ್ಷರಗಳ ನಮೂನೆ ಹೇಳುವಂತೆ ಬರೆದ ರೆಗ್ಯುಲರ್ ಎಕ್ಸ್‌ಪ್ರೆಶನ್ನನ್ನು ಸೀಮಿತ ಸ್ಥಿತಿಗಳ ಯಂತ್ರವೊಂದು ಗುರುತಿಸಬಲ್ಲದೆ? ಧಾರಾಳವಾಗಿ, ಎಂದಿತ್ತು ಮಾದರಿ ಉತ್ತರ.

ಹೆಸರಿನ ಮೇಲೆ ಚೀಟಿ ಅಂಟಿಸಿದ ಈ ಪತ್ರಿಕೆ ಮಾತ್ರ ಇಲ್ಲ ಎಂದು ಕಾರಣ ಕೊಟ್ಟಿತ್ತು. ಯಂತ್ರಕ್ಕಿರುವುದು ಎಣಿಸಿ ಮುಗಿಯುವಷ್ಟೇ ಸ್ಥಿತಿಗಳು. ಬೇರೆ ಬೇರೆ ಲೆಕ್ಕದ ‘ಎ’ಗಳನ್ನು ತಿನ್ನಿಸುತ್ತ ಹೋದರೆ ಯಾವುದೋ ಎರಡು ಲೆಕ್ಕ ಒಂದೇ ಸ್ಥಿತಿಯಲ್ಲಿ ಬಂದು ನಿಲ್ಲಲೇಬೇಕು, ಆಮೇಲೆ ತಿಂದದ್ದು ಮೂರೋ ಐದೋ ಎಂದು ಅದಕ್ಕೆ ತಿಳಿಯದು. ಅಕ್ಷರ ಕೋಳಿಕಾಲು, ವಾದ ಸ್ವಚ್ಛ. ಉಳಿದೆಲ್ಲ ಸೇರಿ ಮೂವತ್ತೆರಡು ಬಂದಿತ್ತು. ಪಾಸಾಗಲು ನಲವತ್ತು ಬೇಕು.

ನೀಲಗಂಗಾ ಮಾದರಿ ಉತ್ತರವನ್ನು ಮೊದಲ ಸಲ ಪೂರ್ತಿ ಓದಿದಳು. ವಾಕ್ಯಗಳ ಗುರುತು ಸಿಕ್ಕಿ ಬಾಯಿ ಕಹಿಯಾಯಿತು. ಹನ್ನೊಂದು ವರ್ಷದ ಹಿಂದೆ ಡೊಂಬಿವಲಿಯ ಪ್ರಕಾಶಕನೊಬ್ಬನ ಗೈಡಿಗೆ ಅವಳೇ ಎರಡು ಭಾನುವಾರದಲ್ಲಿ, ಬ್ಯಾಕ್‌ರೆಫರೆನ್ಸಿನ ತಲೆಬುಡ ತಿಳಿಯದೆ ಗೀಚಿಕೊಟ್ಟ ಪುಟ ಅದು. ಪ್ರಶ್ನೆ ತೆಗೆದವರು ಅದನ್ನು ಹಾಗೇ ಎತ್ತಿದ್ದರು, ಮಕ್ಕಳು ಬಾಯಿಪಾಠ ಮಾಡಿದ್ದರು, ಅವಳು ಹತ್ತು ಹತ್ತು ಹಾಕಿದ್ದಳು. ತನ್ನ ಎಂಜಲನ್ನು ಊರೆಲ್ಲ ಉಂಡು, ಉಳಿದದ್ದನ್ನು ಮತ್ತೆ ತನ್ನ ಎಲೆಗೇ ಬಡಿಸಿದಂತೆ ಹೇಸಿಗೆಯಾಯಿತು.

ತಿದ್ದುವವರ ಮೇಲಿದ್ದ ಮಾಡರೇಟರ್ ವಸಂತಕುಮಾರ ಉಡುಪಿ ಕಡೆಯವರು. ಮಾದರಿ ಉತ್ತರವೇ ತಪ್ಪು ಎಂದು ಅವಳು ಹೇಳಿದ್ದನ್ನು ವಡೆ ತಿನ್ನುತ್ತಲೇ ಕೇಳಿಸಿಕೊಂಡರು. ತಪ್ಪು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ.

“ಈಗ ಕೀ ಆನ್ಸರ್ ಬದಲಾಯಿಸಿದ್ರೆ ಎಂಟುನೂರು ಪೇಪರ್ ಪುನಃ ನೋಡ್ಬೇಕು ಮಾರಾಯ್ರೆ. ಶುಕ್ರವಾರ ರಿಸಲ್ಟ್ ಉಂಟು. ಗೈಡಿನ ಮೇಲೆ ನಿಮ್ಮ ಹೆಸರೂ ಉಂಟಲ್ಲ? ಇದೊಂದಕ್ಕೆ ಹತ್ತು ಕೊಟ್ಟುಬಿಡಿ, ಅಡ್ಜಸ್ಟ್ ಮಾಡುವ.”

ಅವರ ಬೆರಳಿನ ಎಣ್ಣೆ ಪತ್ರಿಕೆಯ ಅಂಚಿಗೆ ತಾಗಿತು. ಆ ಎಣ್ಣೆಗಿಂತ ಅವರ ದಯೆ ಅವಳಿಗೆ ಅಸಹ್ಯವಾಯಿತು. ಅದಕ್ಕಿಂತ ಅಸಹ್ಯವೆಂದರೆ, ಕೇಳುತ್ತಲೇ ತನ್ನ ಎದೆ ಹಗುರಾದದ್ದು. ಹತ್ತು ಹಾಕಿದಳು. ನಲವತ್ತೆರಡಾಯಿತು.

ಕೂಡಿಸಿ ಸಹಿ ಮಾಡುವಾಗ ನಿನ್ನೆಯ ಸೊನ್ನೆಗಳು ನೆನಪಾದವು. ಐದಿದ್ದವೋ ಒಂಬತ್ತೋ. ಅವುಗಳಲ್ಲಿ ಯಾರು ಏನು ಕಾರಣ ಬರೆದಿದ್ದರೋ, ಒಂದನ್ನೂ ಓದಿರಲಿಲ್ಲ. ಪಕ್ಕದವಳ ಜೊತೆ ಬದಲಾಪುರದ ಫ್ಲಾಟುಗಳ ಮಾತಾಡುತ್ತ ಸೊನ್ನೆ ಸುತ್ತಿ ಬದಿಗೆಸೆದಿದ್ದಳು.

“ನಿನ್ನಿ ಪೇಪರ್ ಗಂಟು ಎಲ್ಲಿಟ್ಟೀರಿ ಸರ್?”

“ಸೀಲ್ ಆಗಿ ಕಪಾಟಲ್ಲಿ ಉಂಟು. ಅದನ್ನು ಮುಟ್ಟಿದ್ರೆ ನಿಮಗೆ ಮೆಮೊ ಬರ್ತದೆ.”

“ಬರ್ಲಿ. ಆ ಗೈಡ್ ನಾನೇ ಬರದೀನಿ ಅಂತ ಅದರಾಗ ಬರೀರಿ.”

ವಸಂತಕುಮಾರ ವಡೆ ಕೆಳಗಿಟ್ಟರು. ಅವಳು ಕಪಾಟಿನಿಂದ ಗಂಟನ್ನು ಇಳಿಸಿಕೊಂಡು ನೆಲದ ಮೇಲೆಯೇ ಕೂತಳು. ದಾರದ ಮೇಲಿನ ಅರಗು ಕಲ್ಲಾಗಿತ್ತು. ಹೆಬ್ಬೆರಳಿನ ಉಗುರಿನಿಂದ ಕೆರೆದಳು. ಉಗುರು ಮುರಿಯಿತು, ಅರಗು ಅಲುಗಲಿಲ್ಲ. ಇನ್ನೊಂದು ಬೆರಳು ಹಚ್ಚಿದಳು.